ಪೋಸ್ಟ್‌ಡಾಕ್ ಅವಧಿ ಮುಗಿಯುವುದರೊಳಗೆ ಸಂಶೋಧನೆಯನ್ನು ಜನರಿಗೆ ತಲುಪಿಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಬಣ್ಣದಿಂದಲೇ ತೋರಿಸುವ ಕಾಗದದ ಪಟ್ಟಿ ಮಾಡಿದ್ದೇನೆ. ಇದರ ಬಗ್ಗೆ ಎರಡು ಸಂಶೋಧನಾ ಪೇಪರ್ ಪ್ರಕಟವಾಗಿವೆ. ಇನ್ನೊಂದು ವರ್ಷಕ್ಕೆ ನನ್ನ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಅವಧಿ ಮುಗಿಯುತ್ತದೆ. ಪಟ್ಟಿ ಜನರ ಕೈ ಸೇರಬೇಕು ಅಂತ ಆಸೆ. ಗೈಡ್ ಮಾತ್ರ "ಮೊದಲು ಮೂರನೇ ಪೇಪರ್ ಮುಗಿಸಿ" ಅನ್ನುತ್ತಾರೆ. ಕಂಪನಿ ಶುರು ಮಾಡಲಾ?

ಉತ್ತರ: ಕಂಪನಿ ಈಗಲೇ ಬೇಡ. ತಂತ್ರಜ್ಞಾನ ವರ್ಗಾವಣೆ, ಅಂದರೆ ಲ್ಯಾಬಿನ ಸಂಶೋಧನೆಯನ್ನು ಬಳಕೆಗೆ ತರುವ ಕೆಲಸದಲ್ಲಿರುವ ನನ್ನ ಬಾಯಲ್ಲಿ ಈ ಮಾತು ವಿಚಿತ್ರ ಅನಿಸಬಹುದು. ಆದರೆ ಒಂದು ವರ್ಷದಲ್ಲಿ ಕಂಪನಿ ಕಾಲೂರುವುದು ಕಷ್ಟ, ಅಷ್ಟರಲ್ಲಿ ನೀವು ಮುಂದಿನ ಕೆಲಸವನ್ನೂ ಹುಡುಕಬೇಕು.

ಮೊದಲು ಒಂದು ವಿಷಯ ಪತ್ತೆ ಮಾಡಿ. ಈ ಪಟ್ಟಿ ನೋಡಿದವರು ಆಮೇಲೆ ಏನು ಮಾಡುತ್ತಾರೆ? ಬಣ್ಣ ಬದಲಾಯಿತು, ಫ್ಲೋರೈಡ್ ಜಾಸ್ತಿ ಇದೆ ಅಂತ ಗೊತ್ತಾಯಿತು. ಸರಿ, ಮುಂದೆ? ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಬೇರೆ ನೀರು ಕೊಡಿಸುವ ಅಧಿಕಾರ ಇರುವವರ ಕೈಗೆ ಪಟ್ಟಿ ಹೋಗದಿದ್ದರೆ ಮನೆಯವರಿಗೆ ಸುಮ್ನೆ ಭಯ ಹುಟ್ಟಿಸಿದ ಹಾಗಾಗುತ್ತದೆ, ಅಷ್ಟೇ.

ಇನ್ನು ಅಳತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. 1.2ಕ್ಕೂ 1.8ಕ್ಕೂ ಇರುವ ವ್ಯತ್ಯಾಸ ಬರಿಗಣ್ಣಿಗೆ ಕಾಣಬೇಕು. 0.01ರ ತನಕ ಅಳೆಯುತ್ತದೆ ಅನ್ನುವುದು ಪೇಪರ್ ವಿಮರ್ಶಕರನ್ನು ಮೆಚ್ಚಿಸಲು ಚೆನ್ನ. ಲ್ಯಾಬಿನ ಶುದ್ಧ ನೀರು ಬಿಟ್ಟು ಬಾವಿ ನೀರಲ್ಲಿ ನೋಡಿದ್ದೀರಾ? ಅಲ್ಯೂಮಿನಿಯಂ, ಫಾಸ್ಫೇಟ್, ಕ್ಷಾರೀಯತೆ ಎಲ್ಲವೂ ಇಂಥ ಬಣ್ಣಗಳನ್ನು ಕೆಡಿಸುತ್ತವೆ.

ಒಂದು ಹಳೆಯ ಉದಾಹರಣೆ ಹೇಳುತ್ತೇನೆ. ಕರುಳು ಗ್ಲೂಕೋಸನ್ನೂ ಉಪ್ಪಿನ ಸೋಡಿಯಂ ಅನ್ನೂ ಜೊತೆಯಾಗಿಯೇ ಹೀರಿಕೊಳ್ಳುತ್ತದೆ ಅಂತ ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲೇ ಹೇಳಿದ್ದರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ದ್ರಾವಣ ಸಾಲಲಿಲ್ಲ. ಆಗ ವೈದ್ಯ ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲೂಕೋಸ್ ಕಲಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ಶೇ. 30ರ ಸುಮಾರು ಇದ್ದ ಸಾವು ಆ ನೀರು ಕುಡಿದವರಲ್ಲಿ ಶೇ. 3.6ಕ್ಕೆ ಇಳಿಯಿತು. ವಿಜ್ಞಾನ ಆಗಲೇ ಸಿದ್ಧವಿತ್ತು. ಲೋಟ ಯಾರ ಕೈಯಲ್ಲಿರಬೇಕು ಅನ್ನುವುದನ್ನು ಅವರು ತೀರ್ಮಾನಿಸಿದರು.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಬಾವಿ ನೀರಲ್ಲಿ ಇನ್ನೂ ನೋಡಿಲ್ಲ. ಪೇಟೆಂಟ್ ಮಾಡಿಸಬೇಕಾ?

ಉತ್ತರ: ಪೇಪರಿನಲ್ಲಿ ಬಂದದ್ದಕ್ಕೆ ಯುರೋಪಿನಲ್ಲಿ ಪೇಟೆಂಟ್ ಸಿಗುವುದಿಲ್ಲ. ನೀವೇ ಹಾಕಿದ ಪೋಸ್ಟರ್ ಕೂಡ ಪ್ರಕಟಣೆಯ ಲೆಕ್ಕಕ್ಕೇ ಬರುತ್ತದೆ. ಅಮೆರಿಕದಲ್ಲಿ ಮಾತ್ರ ಪ್ರಕಟವಾದ ಮೇಲೂ ಅರ್ಜಿ ಹಾಕಲು ಒಂದು ವರ್ಷದ ಅವಕಾಶ ಇದೆ. ಹೊಸ ಸುಧಾರಣೆ ಏನಾದರೂ ಇದ್ದರೆ ಮೂರನೇ ಪೇಪರ್ ಕಳಿಸುವ ಮುಂಚೆಯೇ ನಿಮ್ಮ ಸಂಸ್ಥೆಯ ಪೇಟೆಂಟ್ ವಿಭಾಗಕ್ಕೆ ಹೋಗಿ. ಹಕ್ಕು ಸಾಮಾನ್ಯವಾಗಿ ಸಂಸ್ಥೆಯದ್ದೇ ಆಗಿರುತ್ತದೆ, ಕೆಲಸದ ಒಪ್ಪಂದ ಓದಿ ನೋಡಿ. ಅಗ್ಗದ ಪಟ್ಟಿಗೆ ಪೇಟೆಂಟ್ ಬೇಕೇ ಬೇಕು ಅಂತೇನೂ ಇಲ್ಲ. ತಯಾರಿಸುವ ವಿಧಾನವನ್ನು ಯಾರು ಬೇಕಾದರೂ ಬಳಸುವಂತೆ ಬಿಟ್ಟುಕೊಟ್ಟರೆ ಬೇಗ ಹರಡಬಹುದು.

ಮತ್ತೊಬ್ಬರ ಪ್ರಶ್ನೆ: ನನ್ನದು ವಲಸೆ ಬಗ್ಗೆ ಸಂಶೋಧನೆ. ಮಾರುವ ವಸ್ತು ಏನೂ ಇಲ್ಲವಲ್ಲ ಮೇಡಂ?

ಉತ್ತರ: ಮಾರುವ ವಸ್ತು ಬೇಕಾಗಿಲ್ಲ ಬಿಡಿ. ನಿಯಮ ಬರೆಯುವವರಿಗೆ ಎರಡು ಪುಟದ ಟಿಪ್ಪಣಿ ಸಾಕು. ನೀವು ಬರೆದದ್ದನ್ನು ಅವರು ಎಲ್ಲಾದರೂ ಬಳಸಿದರೆ ಒಂದು ಪತ್ರ ಕೇಳಿ ಇಟ್ಟುಕೊಳ್ಳಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ 2021ರ ಸಂಶೋಧನಾ ಮೌಲ್ಯಮಾಪನದಲ್ಲಿ ಸಮಾಜದ ಮೇಲಾದ ಪರಿಣಾಮಕ್ಕೆ ಶೇ. 25ರಷ್ಟು ತೂಕ ಇತ್ತು. ಪುರಾವೆ ಇಲ್ಲದ ಪರಿಣಾಮ ಅಲ್ಲಿ ಲೆಕ್ಕಕ್ಕಿಲ್ಲ.

ಮೊದಲಿನವರ ಪ್ರಶ್ನೆ: ಗೈಡ್‌ಗೆ ಏನು ಹೇಳಲಿ ಮೇಡಂ?

ಉತ್ತರ: ಬಾವಿ ನೀರಿನ ಪರೀಕ್ಷೆಯೇ ಮೂರನೇ ಪೇಪರ್ ಅಂತ ಹೇಳಿ. ನೀರು ಪರೀಕ್ಷಿಸುವ ಸಿಬ್ಬಂದಿ ಕೈಯಲ್ಲೇ ಪಟ್ಟಿ ಓದಿಸಿ, ಲ್ಯಾಬ್ ಅಳತೆಯೊಂದಿಗೆ ಹೋಲಿಸಿ. ಅವರ ಮೇಲಧಿಕಾರಿಯನ್ನೂ ಸಹಲೇಖಕರನ್ನಾಗಿ ಕರೆಯಿರಿ, ಹೆಸರಿಗೆ ತಕ್ಕ ಕೆಲಸ ಅವರೂ ಮಾಡುವುದಾದರೆ. ನೀವು ಬೇರೆ ಕಡೆ ಹೋದ ಮೇಲೆ ಪಟ್ಟಿಯನ್ನು ಮುಂದುವರಿಸಬೇಕಾದವರು ಅವರೇ ಅಲ್ವಾ.