ಅಜ್ಜಿ ಮನೆ ಓವನ್: ಬಿಚ್ಚೋದಾ, ಬೇಡ್ವಾ?

ತಮ್ಮ: ನಾವೆಲ್ಲ ದುಡ್ಡು ಹಾಕಿ ಅಜ್ಜಿಗೆ ಕೊಡಿಸಿದ ಮೈಕ್ರೋವೇವ್ ಓವನ್ ಕೆಟ್ಟಿದೆ. ಲೈಟ್ ಬರುತ್ತದೆ, ಗಾಜಿನ ತಟ್ಟೆ ತಿರುಗುತ್ತದೆ, ಇಡ್ಲಿ ಮಾತ್ರ ತಣ್ಣಗೇ ಇರುತ್ತದೆ. ನಮ್ಮ ಗ್ರೂಪಿನಲ್ಲಿ ಮೇಲೆ ಹಾಕಿರುವ ರಿಪೇರಿ ವಿಡಿಯೋ ನೋಡಿ. ಫ್ಯೂಸ್ ಬದಲಾಯಿಸಿದರೆ ಸಾಕಂತೆ. ಭಾನುವಾರ ಕ್ಯಾತ್ಸಂದ್ರದ ಅಜ್ಜಿ ಮನೆಗೆ ಹೋಗಿ ನಾನೇ ಬಿಚ್ಚುತ್ತೇನೆ.

ಭಾವ: ಶಭಾಷ್! ರಿಪೇರಿಗೆ ಸುಮ್ನೆ ದುಡ್ಡು ಯಾಕೆ?

ನಾನು: ಬೇಡ ಕಣೋ. ಲೈಟು, ತಟ್ಟೆ ಎರಡೂ ಸರಿಯಿವೆ ಅಂದರೆ ಮೇನ್ ಫ್ಯೂಸ್ ಹೋಗಿಲ್ಲ. ಹೋಗಿದ್ದರೆ ಓವನ್ ಪೂರ್ತಿ ಸತ್ತಿರುತ್ತಿತ್ತು, ಅಲ್ವಾ? ಇಂಥ ತೊಂದರೆ ಹೆಚ್ಚಾಗಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್, ಚಾರ್ಜ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್, ಬಿಸಿ ಮಾಡುವ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್, ಇಲ್ಲ ಬಾಗಿಲಿನ ಸ್ವಿಚ್‌ನದ್ದು.

ತಮ್ಮ: ಪ್ಲಗ್ ಕಿತ್ತೇ ಬಿಚ್ಚೋದು ಅಕ್ಕ. ಕರೆಂಟೇ ಇರಲ್ಲ.

ನಾನು: ಇರುತ್ತದೆ! ಗೋಡೆಯ 230 ವೋಲ್ಟನ್ನು ಒಳಗಿನ ಟ್ರಾನ್ಸ್‌ಫಾರ್ಮರ್ ಸುಮಾರು 2000 ವೋಲ್ಟ್‌ಗೆ ಏರಿಸುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿಯಬಹುದು. ಅದನ್ನು ಇಳಿಸುವ ರೆಸಿಸ್ಟರ್ ಸಾಮಾನ್ಯವಾಗಿ ಕೆಪಾಸಿಟರ್ ಒಳಗೇ ಇರುತ್ತದೆ, ಅದು ಹಾಳಾಗಿದ್ದರೆ ಕಣ್ಣಿಗೆ ಕಾಣಲ್ಲ. ಮಿಕ್ಸಿ ಬಿಚ್ಚಿದ ಧೈರ್ಯ ಇಲ್ಲಿ ಬೇಡ. ಜೀವ ಹೋಗುವಷ್ಟು ಶಾಕ್ ಅದು.

ಭಾವ: ಮನೆಗೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿದ್ದೀವಲ್ಲ, ಟ್ರಿಪ್ ಆಗುತ್ತದೆ.

ನಾನು: ಆಗಲ್ಲ ಭಾವ. ಅದು ಟ್ರಾನ್ಸ್‌ಫಾರ್ಮರ್‌ಗೆ ಹೋಗಿ ಬರುವ ಕರೆಂಟನ್ನಷ್ಟೇ ನೋಡುತ್ತದೆ. ಟ್ರಾನ್ಸ್‌ಫಾರ್ಮರ್‌ನ ಆ 2000 ವೋಲ್ಟ್ ಕಡೆ ಶಾಕ್ ಹೊಡೆದರೆ ಅದಕ್ಕೆ ಗೊತ್ತೇ ಆಗಲ್ಲ. ಪ್ಲಗ್ಗೇ ಕಿತ್ತಿದ್ದರಂತೂ ಟ್ರಿಪ್ ಆಗೋ ಮಾತೇ ಇಲ್ಲ.

ದೊಡ್ಡಮ್ಮ: ಯುಗಾದಿ ಹೊತ್ತಲ್ಲಿ ಕಿಡಿ ಹಾರಿದಾಗ ನೀನೇ ಸರಿ ಮಾಡಿದ್ದೆಯಲ್ಲಮ್ಮ?

ನಾನು: ಅದು ಬೇರೆ ದೊಡ್ಡಮ್ಮ. ಒಳಗೋಡೆಯಲ್ಲಿ ರಟ್ಟಿನ ಥರ ಒಂದು ಮೈಕಾ ಹಾಳೆ ಇದೆ. ಸಾರು ಸಿಡಿದು ಸಿಡಿದು ಜಿಡ್ಡು ಕರಕಲಾಗಿ, ಹಾಳೆಗೆ ಅಂಚು ಸುಟ್ಟ ತೂತು ಬಿದ್ದಿತ್ತು. ಪ್ಲಗ್ ಕಿತ್ತು, ಜಿಡ್ಡು ಒರೆಸಿ, ಹೊಸ ಹಾಳೆಯನ್ನು ಅದೇ ಅಳತೆಗೆ ಕತ್ತರಿಯಲ್ಲಿ ಕತ್ತರಿಸಿ ಕೂರಿಸಿದೆ. ಹೊರಗಿನ ತಗಡು ಬಿಚ್ಚಲೇ ಇಲ್ಲ.

ತಮ್ಮ: ಹಾಗಾದ್ರೆ ನಾನು ಕೈ ಕಟ್ಟಿ ಕೂರಬೇಕಾ?

ನಾನು: ಇಲ್ಲಪ್ಪ. ಬಾಗಿಲು ನೆಟ್ಟಗೆ ಕೂರುತ್ತಾ, ಕೊಕ್ಕೆ ಮುರಿದಿದೆಯಾ ನೋಡು. ಬಾಗಿಲು ಸೊಟ್ಟಗಿದ್ದರೆ ಆನ್ ಮಾಡಲೇಬೇಡ. ಸರಿಯಿದ್ದರೆ ಪಿಂಗಾಣಿ ಕಪ್‌ನಲ್ಲಿ ನೀರಿಟ್ಟು ಹೈನಲ್ಲಿ ಒಂದು ನಿಮಿಷ ಓಡಿಸು. ಸ್ಟೀಲ್ ಲೋಟ ಬೇಡ. ಅಜ್ಜಿ ಕಡಿಮೆ ಕಾವಿನ ಡಿಫ್ರಾಸ್ಟ್ ಬಟನ್ ಒತ್ತಿರಲೂಬಹುದು. ಗೊರ್ ಅಂತ ಜೋರು ಸದ್ದು ಬಂದರೆ ತಕ್ಷಣ ನಿಲ್ಲಿಸು. ನೀರು ಬಿಸಿಯಾಗದಿದ್ದರೆ ರಿಪೇರಿ ಅಂಗಡಿಗೇ ಹೋಗಬೇಕು. ಆ ವಿಡಿಯೋನೂ ತೆಗೆದುಬಿಡು, ಇನ್ಯಾರಾದರೂ ಸ್ಕ್ರೂಡ್ರೈವರ್ ಹಿಡಿದಾರು.

ಭಾವ: ಸರಿ, ಆಟೋದಲ್ಲಿ ನಾನೇ ಒಯ್ಯುತ್ತೇನೆ. ದುಡ್ಡು ಎಲ್ಲರೂ ಹಂಚಿಕೊಳ್ಳಿ.

ದೊಡ್ಡಮ್ಮ: ದುಡ್ಡಿನ ಮಾತು ಆಮೇಲೆ. ಮೊದಲು ಗಾಜಿನ ತಟ್ಟೆ ತೆಗೆದಿಡಿ, ಆಟೋ ಕುಲುಕಾಟಕ್ಕೆ ಒಡೆದೀತು.