ರಾತ್ರಿ ಪಾಳಿ, ಚಿಂತೆ, ಹೊಟ್ಟೆ: ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಕಾರಣನಾ?

ಪ್ರಶ್ನೆ, ಗಂಗಾವತಿ: ಅಕ್ಕಿ ಗಿರಣಿಯಲ್ಲಿ ರಾತ್ರಿ ಪಾಳಿ. ಸಾಲದ ಚಿಂತೆ ಬೇರೆ. ಊಟ ಮೊದಲಿನಷ್ಟೇ, ಎರಡು ಜೋಳದ ರೊಟ್ಟಿ, ಪುಂಡಿಪಲ್ಯ. ಆದ್ರೂ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಜಾಸ್ತಿ. ಪಾಳಿ ಮುಗಿದರೆ ಒಗ್ಗಾಣಿ, ಮಿರ್ಚಿ ಬೇಕೇ ಬೇಕು. ಕಾರ್ಟಿಸಾಲ್ ಟೆಸ್ಟ್ ಮಾಡಿಸಲಾ?

ಉತ್ತರ, ರಾಯಚೂರಿನ ನರ್ಸ್: ಅಣ್ಣಾ, ಕಾರ್ಟಿಸಾಲ್ ಬೆಳಗ್ಗೆ ಏರಿ ನಡುರಾತ್ರಿ ಇಳಿಯಬೇಕು. ನಿದ್ದೆ ಕೆಟ್ಟರೆ ಆ ಲೆಕ್ಕ ತಪ್ಪುತ್ತೆ. ಸಕ್ಕರೆ ಏರುತ್ತೆ, ಕರಿದದ್ದು ಬೇಕೆನಿಸುತ್ತೆ, ಕೊಬ್ಬು ಹೊಟ್ಟೆಗೇ ಸೇರುತ್ತೆ. ಮೊದಲು ಬಿಪಿ, ಶುಗರ್ ನೋಡಿಸಿ. ಮುಖ ದುಂಡಗಾಗಿ ಹೊಟ್ಟೆ ಮೇಲೆ ನೇರಳೆ ಗೆರೆ ಬಂದಿದ್ದರೆ ತಡ ಮಾಡದೆ ವೈದ್ಯರಿಗೆ ತೋರಿಸಿ.

ಉತ್ತರ, ಸಿರುಗುಪ್ಪ: ಮಂಡಿನೋವಿಗೆ ಸ್ಟೀರಾಯ್ಡ್ ಮಾತ್ರೆ ನುಂಗ್ತೀರಾ? ಅದರಿಂದಲೂ ಹೀಗಾಗುತ್ತೆ. ಆದ್ರೆ ಒಮ್ಮೆಲೇ ಬಿಡಬೇಡಿ, ಅಪಾಯ.

ಗಂಗಾವತಿ: ಹೌದು, ಚೀಟಿ ಇಲ್ಲದೆ ತಂದ ಮಾತ್ರೆ ಇದೆ. ನಾಳೆ ಸ್ಟ್ರಿಪ್ ಹಿಡ್ಕೊಂಡೇ ಆಸ್ಪತ್ರೆಗೆ ಹೋಗ್ತೀನಿ.