ಕಂದು ಮುದ್ರೆಯ ಹತ್ತು ಡಾಲರ್ ನೋಟಿಗೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ: ನಾವಿರುವ ಒಹಾಯೊ ರಾಜ್ಯದ ಊರಿನಲ್ಲಿ, ಹಳೆಯ ಮನೆಯೊಂದರ ಸಾಮಾನು ಮಾರಾಟದಲ್ಲಿ ಕೊಂಡ ಪುಸ್ತಕದೊಳಗೆ 1929ರ ಸರಣಿಯ ಹತ್ತು ಡಾಲರ್ ನೋಟು ಸಿಕ್ಕಿದೆ. ಮುದ್ರೆ ಕಂದು ಬಣ್ಣದ್ದು, ಮೇಲೆ ‘ನ್ಯಾಷನಲ್ ಕರೆನ್ಸಿ’ ಎಂದಿದೆ. ಸಂಗ್ರಾಹಕರ ಲೆಕ್ಕದಲ್ಲಿ ಇದರ ಬೆಲೆಯನ್ನು ತಿಳಿಯುವುದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಎಡಭಾಗದಲ್ಲಿರುವ ಬ್ಯಾಂಕಿನ ಹೆಸರನ್ನು ಓದಿ. ಅಲ್ಲಿ ಊರಿನ ಬ್ಯಾಂಕಿನ ಬದಲು ಫೆಡರಲ್ ರಿಸರ್ವ್ ಬ್ಯಾಂಕ್ (ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆಯ ಶಾಖೆ) ಎಂದಿದ್ದರೆ ಅದು 1933ರ ಬ್ಯಾಂಕಿಂಗ್ ಬಿಕ್ಕಟ್ಟಿನಲ್ಲಿ ತುರ್ತಾಗಿ ಹೊರಬಂದ ಬೇರೆಯೇ ಬಗೆಯ ನೋಟು. ತಲೆಬರಹ, ಮುದ್ರೆಯ ಬಣ್ಣ ಎರಡೂ ಒಂದೇ ಆದ್ದರಿಂದ ನಾನೂ ಮೊದಲು ಮೋಸಹೋಗಿದ್ದೆ.

ಎರಡನೆಯ ಉತ್ತರ: ಊರಿನ ಬ್ಯಾಂಕಿನದೇ ಆಗಿದ್ದರೆ, ಬೆಲೆಯನ್ನು ನಿರ್ಧರಿಸುವುದು ನೋಟಿನ ವಯಸ್ಸಿಗಿಂತ ಹೆಚ್ಚಾಗಿ ಆ ಬ್ಯಾಂಕಿನ ನೋಟುಗಳು ಎಷ್ಟು ಉಳಿದಿವೆ ಎಂಬುದು. ಅಮೆರಿಕದ 1863ರ ರಾಷ್ಟ್ರೀಯ ಬ್ಯಾಂಕ್ ಕಾಯ್ದೆಯ ಬಳಿಕ 1935ರವರೆಗೆ ಸಾವಿರಾರು ಬ್ಯಾಂಕುಗಳು ತಮ್ಮ ಹೆಸರಿನಲ್ಲಿ ನೋಟು ಹೊರಡಿಸಿದವು. ಪ್ರತಿಯೊಂದಕ್ಕೂ ಒಂದು ಚಾರ್ಟರ್ ಸಂಖ್ಯೆ (ಬ್ಯಾಂಕಿಗೆ ಸರ್ಕಾರ ಕೊಟ್ಟ ಪರವಾನಗಿಯ ಸಂಖ್ಯೆ) ಇತ್ತು, ಆ ಸಂಖ್ಯೆಯನ್ನು ಹಿಡಿದು ಹುಡುಕಿದರೆ ಉಳಿದ ನೋಟುಗಳ ಗಣತಿ ಸಿಗುತ್ತದೆ. ದೊಡ್ಡ ನಗರದ ಬ್ಯಾಂಕಿನ ಗರಿಗರಿ ನೋಟಿಗಿಂತ, ಮೂರು ನಾಲ್ಕು ನೋಟುಗಳಷ್ಟೇ ಉಳಿದಿರುವ ಸಣ್ಣ ಊರಿನ ಬ್ಯಾಂಕಿನ ಜೀರ್ಣ ನೋಟಿಗೆ ಹಲವು ಪಟ್ಟು ಬೆಲೆ ಬಂದದ್ದನ್ನು ನಾನೇ ಕಂಡಿದ್ದೇನೆ. 1929ರ ಸರಣಿಯಲ್ಲಿ ಎರಡು ವಿಧಗಳಿವೆ: ಚಾರ್ಟರ್ ಸಂಖ್ಯೆ ಕಪ್ಪು ಶಾಯಿಯಲ್ಲಿ ಎರಡು ಕಡೆ ಮಾತ್ರ ಇದ್ದರೆ ಮೊದಲನೆಯದು, ಕಂದು ಶಾಯಿಯಲ್ಲಿ ಇನ್ನೆರಡು ಕಡೆ ಇದ್ದರೆ 1933ರಿಂದ ಬಂದ ಎರಡನೆಯದು. ಸಾಮಾನ್ಯವಾಗಿ ಎರಡನೆಯ ವಿಧವೇ ಅಪರೂಪ. ನೋಟಿನ ಕ್ರಮಸಂಖ್ಯೆ 1 ಆಗಿದ್ದರೆ ಬೆಲೆಯ ಮಾತೇ ಬೇರೆ.

ಮೂರನೆಯ ಉತ್ತರ: ದಯವಿಟ್ಟು ಮಡಿಕೆ ಬಿಡಿಸಲು ಹೋಗಬೇಡಿ. ಇಂಥದೇ ನೋಟಿಗೆ ನಾನು ಇಸ್ತ್ರಿ ಹಾಕಿದೆ. ನೋಟಿನ ಸ್ಥಿತಿ ನೋಡಿ ದರ್ಜೆ ನಿರ್ಧರಿಸುವ ಸಂಸ್ಥೆಯವರು ಅದನ್ನು ಪತ್ತೆಹಚ್ಚಿ ಷರಾ ಬರೆದರು, ಕೊಳ್ಳುವವರು ಹಿಂದೆ ಸರಿದರು. ಬೆಲೆಗಾಗಿ ಮಾರುವವರು ಕೇಳುತ್ತಿರುವ ಮೊತ್ತವನ್ನು ನಂಬದೆ, ಅದೇ ಬ್ಯಾಂಕಿನ ನೋಟು ಹರಾಜಿನಲ್ಲಿ ನಿಜವಾಗಿ ಮಾರಾಟವಾದ ದರವನ್ನು ನೋಡಿ. ಅದರಲ್ಲಿ ಹರಾಜು ಸಂಸ್ಥೆಯ ಶುಲ್ಕವೂ ಸೇರಿರುತ್ತದೆ, ನಿಮ್ಮ ಕೈಗೆ ಬರುವುದು ಅದಕ್ಕಿಂತ ಕಡಿಮೆ.

ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಚಾರ್ಟರ್ ಸಂಖ್ಯೆ ನಾಲ್ಕು ಕಡೆ ಇದೆ, ಎರಡು ಕಂದು ಬಣ್ಣದಲ್ಲಿವೆ. ಬ್ಯಾಂಕು ನಮ್ಮ ಪಕ್ಕದ ಊರಿನದೇ. ನೋಟನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು, ಗಣತಿಯನ್ನು ಹುಡುಕಲು ಕುಳಿತಿದ್ದೇನೆ.